ಹನ್ನೊಂದು ಹೆಸರುಗಳಿಗೆ ಬಳಿದ ಮಸಿ

ಮಾನ್ಯ ಗೃಹ ಕಾರ್ಯದರ್ಶಿಗಳೇ,

ನಮ್ಮ ಪ್ರಕಾಶಕರನ್ನು ಮಿತ್ರದೇಶಕ್ಕೆ ಹಸ್ತಾಂತರಿಸುವ ಆದೇಶ ಶುಕ್ರವಾರ ನಿಮ್ಮ ಸಹಿಗೆ ಬರಲಿದೆ. ಆ ದೇಶದ ಸೇನೆಯ ಗುಟ್ಟಿನ ಕಾಗದಗಳನ್ನು ಅವರು ಅಚ್ಚು ಹಾಕಿದರು; ಅದರಿಂದ ಸೇನೆಗೆ ನೆರವಾದ ಬಡಪಾಯಿಗಳ ಹೆಸರು ಬಯಲಾಗಿ ಜೀವಕ್ಕೆ ಕುತ್ತು ಬಂತು ಎಂದು ನಿಮ್ಮ ಕಚೇರಿ ನ್ಯಾಯಾಲಯದಲ್ಲಿ ಕಣ್ಣೀರಿಡುತ್ತಿದೆ. ಸುಳ್ಳು. ಆ ಹೆಸರುಗಳಿಗೆ ಮಸಿ ಬಳಿದವನೇ ನಾನು.

ನಾನು ಕರಡು ತಿದ್ದುವವನು. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪು ಹುಡುಕಿ ಬದುಕಿದವನಿಗೆ ಸ್ವಂತ ಅಭಿಪ್ರಾಯಗಳು ಕಡಿಮೆ. ಆ ಕಾಗದಗಳನ್ನು ಓದಿದಾಗಲೂ ನನಗೆ ಕೆಚ್ಚು ಬರಲಿಲ್ಲ, ಕಣ್ಣುನೋವು ಬಂತು. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಪ್ರಕಾಶಕರೂ ನಾನೂ ಆರು ವಾರ ಕೂತೆವು. ಅವರು ಓದುವುದು, ನಾನು ಬಳಿಯುವುದು. ಬಳಿದ ಹಾಳೆಯನ್ನು ಕಿಟಕಿಗೆ ಹಿಡಿಯುವುದು. ಅಕ್ಷರ ಇಣುಕಿದರೆ ಮತ್ತೆ ಬಳಿಯುವುದು. ಒಟ್ಟು ಹನ್ನೊಂದು ಹೆಸರು. ಅವರಲ್ಲೊಬ್ಬ ನೀರಿನ ಲಾರಿಯ ಚಾಲಕ. ಅವನ ಲಾರಿಯ ಬಣ್ಣವನ್ನೂ ಅಳಿಸು ಎಂದರು.

"ಬಣ್ಣ ನೋಡಿ ಯಾರಿಗೆ ಏನು ಗೊತ್ತಾಗುತ್ತೆ ಸಾರ್?"

"ಅವನ ಬೀದಿಯವರಿಗೆ ಗೊತ್ತಾಗುತ್ತೆ ಕಣಯ್ಯ. ಬಳಿ."

ಇನ್ನು ನಿಮ್ಮ ಕಾರ್ಯದಕ್ಷತೆಗೆ ಬರೋಣ. ಕಾಗದಗಳು ಅಸಲಿ ಎಂದು ಸಾಬೀತು ಮಾಡಲು ನಿಮ್ಮವರು ಮಿತ್ರದೇಶದಿಂದ ಮೂಲ ಪ್ರತಿಗಳನ್ನು ತರಿಸಿ ಹಸ್ತಾಂತರದ ಅರ್ಜಿಗೆ ಮೂರನೇ ಅನುಬಂಧವಾಗಿ ಲಗತ್ತಿಸಿದರು. ಪೂರ್ತಿಯಾಗಿ, ಒಂದು ಚುಕ್ಕೆ ಮಸಿಯಿಲ್ಲದೆ, ಪುಟಪುಟಕ್ಕೂ ದೃಢೀಕರಣದ ಮೊಹರು ಒತ್ತಿ. ನಂಬಲಾಗದೆ ನ್ಯಾಯಾಲಯದ ನಕಲು ವಿಭಾಗಕ್ಕೆ ಹೋದೆ.

"ಮೂರನೇ ಅನುಬಂಧ ತಾನೇ? ಎಲ್ಲರೂ ಅದನ್ನೇ ಕೇಳ್ತಾರೆ ಸ್ವಾಮಿ," ಎಂದ ಗುಮಾಸ್ತ.

"ಯಾರು ಬೇಕಾದ್ರೂ ತಗೋಬಹುದಾ?"

"ಅರ್ಜಿ ಬರೆಯೋಕೆ ಬಂದ್ರೆ ಸಾಕು."

ಇನ್ನೂರ ಹದಿನಾಲ್ಕನೇ ಪುಟದಲ್ಲಿ ಚಾಲಕನ ಹೆಸರು, ಅವನಪ್ಪನ ಹೆಸರು, ಬೀದಿ, ಲಾರಿಯ ಬಣ್ಣ. ಆರು ವಾರ ನಾವು ಮುಚ್ಚಿದ್ದನ್ನು ನೀವು ಒಂದು ಮೊಹರಿನಲ್ಲಿ ತೆರೆದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಸಂಕೋಚವೂ ನಿಮಗಿಲ್ಲವೇ?

ಅಂದೇ ಪತ್ರಿಕೆಗಳಿಗೆ ಬರೆಯಲು ಹೊರಟಿದ್ದೆ. ಜೈಲಿನಲ್ಲಿ ತಮ್ಮನನ್ನು ಕಂಡು ಬಂದ ಪ್ರಕಾಶಕರ ಅಕ್ಕ ತಡೆದರು. "ಮೊದಲು ಆ ಅನುಬಂಧ ಮುಚ್ಚಿಸಿ, ಇಲ್ದಿದ್ರೆ ಇನ್ನಷ್ಟು ಜನ ನಕಲು ತಗೋತಾರೆ; ಆಮೇಲೆ ಬೇಕಾದಷ್ಟು ಕೂಗಾಡಿ ಅಂದಿದಾನೆ. ತಾನು ಉಳೀಬೇಕು ಅನ್ನೋ ಆಸೆಯಾದ್ರೂ ಇದೆಯೋ ಇಲ್ವೋ ಇವನಿಗೆ!" ನಿಮಗೆ ಎರಡು ಗೋಪ್ಯ ಪತ್ರ ಬರೆದೆ. 'ಪರಿಶೀಲನೆಯಲ್ಲಿದೆ' ಎಂದು ಉತ್ತರಿಸಿದಿರಿ. ಕೊನೆಗೆ ನಮ್ಮ ವಕೀಲರೇ ನ್ಯಾಯಾಧೀಶರನ್ನು ಬೇಡಿಕೊಂಡು ಮೊನ್ನೆ ಆ ಅನುಬಂಧಕ್ಕೆ ಬೀಗ ಹಾಕಿಸಿದರು. ಅಷ್ಟರಲ್ಲಿ ಹತ್ತೊಂಬತ್ತು ದಿನ ಕಳೆದಿತ್ತು, ನಲವತ್ತು ನಕಲು ಹೊರಗೆ ಹೋಗಿತ್ತು. ಗುಟ್ಟು ಕಾಪಾಡಿದವರು ಗಾಜಿನ ಕಟಕಟೆಯಲ್ಲಿ, ಹಂಚಿದವರು ಕುರ್ಚಿಯಲ್ಲಿ.

ಆದ್ದರಿಂದ ಆದೇಶವನ್ನು ತಿರಸ್ಕರಿಸಿ, ಕಾರಣವನ್ನು ನಿಮ್ಮ ಕೈಯಾರೆ ಬರೆಯಿರಿ. ಸಹಿ ಹಾಕಲೇಬೇಕೆಂದಿದ್ದರೆ ಅವರನ್ನು ಒಯ್ಯುವ ವಿಮಾನದಲ್ಲೇ ಪಕ್ಕದ ಸೀಟು ನಿಮಗೂ ಕಾದಿರಿಸಿಕೊಳ್ಳಿ. ಅಪರಾಧ ಅದೇ, ನಿಮ್ಮ ವಿರುದ್ಧದ ಸಾಕ್ಷ್ಯ ಮಾತ್ರ ಹೆಚ್ಚು ಗಟ್ಟಿ. ಅದಕ್ಕೂ ಮೊದಲು, ಆ ನೀರಿನ ಲಾರಿ ಈಗಲೂ ಅವನ ಬೀದಿಗೆ ಬರುತ್ತಿದೆಯೇ, ಓಡಿಸುತ್ತಿರುವವನು ಅವನೇ ಹೌದೇ ಎಂದು ಒಮ್ಮೆ ವಿಚಾರಿಸಿ. ಉತ್ತರ ಕೇಳಿದ ಮೇಲೆ ಪೆನ್ನು ಎತ್ತಿ.

ಇಂತಿ,
ನಿಮ್ಮ ಆರೋಪಪಟ್ಟಿಯಲ್ಲಿ 'ಮತ್ತಿತರರು' ಎಂಬ ಪದದೊಳಗಿರುವ,
ಬೆರಳ ಮಸಿ ಇನ್ನೂ ಹೋಗದ ಕರಡು ತಿದ್ದುವವ