ಹಾಲಿನಲ್ಲಿ ನಾದಿದ ರೊಟ್ಟಿ

ಮಸಗುಪ್ಪಿ,
ಸೋಮವಾರ, 15 ಸೆಪ್ಟೆಂಬರ್ 2025

ಪ್ರೀತಿಯ ಕೆಂಪಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ರಾಯವ್ವ ಕಾಲು ಮುಟ್ಟಿ ಮಾಡುವ ಶರಣು.

ಮೊಣಕಾಲು ಹೇಗಿದೆ? ಎಡಗಾಲು ಮಡಚಲು ಬರುವುದಿಲ್ಲ, ಪೂಜೆಗೂ ಕುರ್ಚಿಯ ಮೇಲೆ ಕೂಡುತ್ತಾರೆ ಎಂದು ನಿಮ್ಮ ಸೊಸೆ ಸುಮನ ಫೋನಿನಲ್ಲಿ ಹೇಳಿದಳು. ಕುರ್ಚಿಯ ಮೇಲೆ ಕೂತರೇನಾಯಿತು, ದೇವರು ಕಾಲು ನೋಡುವುದಿಲ್ಲ. ಎಳ್ಳೆಣ್ಣೆಗೆ ಬಳ್ಳೊಳ್ಳಿ ಹಾಕಿ ಕಾಯಿಸಿ ಹಚ್ಚಿಕೊಳ್ಳಿ, ಬಿಸಿಲಿಗೆ ಅರ್ಧ ತಾಸು ಕೂಡಿ. ಇಲ್ಲಿ ಶಿವಬೋಧರಂಗನ ದಯೆಯಿಂದ ಎಲ್ಲರೂ ಕ್ಷೇಮ. ಕಬ್ಬು ಆಳೆತ್ತರ ಬಂದಿದೆ. ಎಮ್ಮೆ ಈದಿದೆ, ಹೆಣ್ಣು ಕರು. ನಿಮ್ಮ ತಮ್ಮನವರಿಗೆ ತಲೆ ಪೂರ್ತಿ ಬೆಳ್ಳಗಾಗಿದೆ, ರುಮಾಲು ಸುತ್ತಿಕೊಂಡು ಕಟ್ಟೆಗೆ ಕೂತರೆ ಥೇಟ್ ಮಾವನವರೇ. ಇಷ್ಟು ಓದಿ ಪತ್ರ ಮಡಚಿ ಇಡುತ್ತೀರೇನೋ ಎಂಬ ಹೆದರಿಕೆ ನನಗೆ. ಮಡಚಬೇಡಿ. ನಾನು ಬರೆಯಲು ಕೂತದ್ದು ಬರೇ ದಾರಿಯ ವಿಷಯ.

ದಸರೆಗೆ ನಾಲ್ಕು ದಿನ ಬಿಡುವು ಮಾಡಿಕೊಂಡು ಇಚಲಕರಂಜಿಯಿಂದ ಗೋಕಾಕಕ್ಕೆ ಬರುತ್ತೇವೆ, ಲಾಡ್ಜಿನಲ್ಲಿ ಇಳಿಯುತ್ತೇವೆ, ಎರಡೂ ಮಕ್ಕಳಿಗೆ ಅಜ್ಜಿಯ ಸೀಮೆ ತೋರಿಸಬೇಕು ಎಂದಳು ಸುಮನ. ನೀವೂ ಹೊರಟಿದ್ದೀರಿ, ಆದರೆ ಒಂದು ಮಾತು ಮೊದಲೇ ಹೇಳಿಯೇ ಹೊರಟಿದ್ದೀರಂತೆ: "ಮಸಗುಪ್ಪಿ ಕಡೆ ಗಾಡಿ ತಿರುಗಿಸಿದ್ರ ನಾ ಅಲ್ಲೇ ಇಳಿದು ನಡಕೋತ ಹೊಳ್ಳಿ ಹೋಗ್ತೀನಿ." ಅದನ್ನು ಕೇಳಿ ನಾನು ನಕ್ಕೆ, ಆಮೇಲೆ ಅಳು ಬಂತು. ಹದಿನಾಲ್ಕು ವರ್ಷದ ಹಿಂದೆ ಅತ್ತೆಯವರು ತೀರಿಕೊಂಡ ದಿನ ನೀವು ಬಂದು ಮುಟ್ಟುವುದರೊಳಗೆ ಮಣ್ಣಾಗಿತ್ತು. ತಾಯಿಯ ಬಾಯಿಗೆ ಕಡೆಯ ನೀರು ಬಿಡುವುದು ಮಗಳ ಹಕ್ಕು, ಅದು ನಿಮಗೆ ಸಿಗಲಿಲ್ಲ. ಹೊಸ್ತಿಲ ಹೊರಗೆ ನಿಂತು ತಮ್ಮನಿಗೆ ನೀವು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಸಿದ್ರಾಯಾ, ನನ್ನ ಅವ್ವಗ ನೀರು ಬಿಡಾಕ ಒಂದು ತಾಸು ಕಾಯಲಿಲ್ಲ ನೀ. ದೇವರ ಆಣಿ, ಇನ್ನ ಈ ಮನಿ ನೀರು ನನ್ನ ಗಂಟಲದಾಗ ಇಳಿಯಂಗಿಲ್ಲ." ಅಂದಿನಿಂದ ಇಳಿದಿಲ್ಲ. ದೇವರ ಹೆಸರು ಹಿಡಿದು ಆಡಿದ ಮಾತು ಮುರಿಯಿರಿ ಎನ್ನುವಷ್ಟು ದೊಡ್ಡವಳು ನಾನಲ್ಲ. ಅದಕ್ಕೇ ನಮ್ಮ ಮನೆ ಬಿಟ್ಟು ಉಳಿದದ್ದೆಲ್ಲ ನೋಡುವ ಹಾಗೆ ನಿಮ್ಮ ನಾಲ್ಕು ದಿನಗಳನ್ನು ನಾನೇ ಜೋಡಿಸಿದ್ದೇನೆ. ಏಳನೆಯ ಇಯತ್ತೆ ಕಲಿತವಳಿಗೆ ಇದೆಲ್ಲ ಏನು ಗೊತ್ತು ಎನ್ನಬೇಡಿ. ಮನೆಗೆ ಬಂದ ಬೀಗರನ್ನೆಲ್ಲ ತಿರುಗಾಡಿಸಿದವಳು ನಾನೇ.

ಮೊದಲ ಮಾತು. ಮಿರಜದಿಂದ ರೈಲು ಹತ್ತಿದರೆ ಘಟಪ್ರಭಾದಲ್ಲಿ ಇಳಿಯಿರಿ. ಮುಂದಿನ ನಿಲ್ದಾಣಕ್ಕೆ ಗೋಕಾಕ ರೋಡ್ ಎಂದು ಹೆಸರಿದೆ ನಿಜ, ಆದರೆ ಅಲ್ಲಿ ರೋಡೇ ಇದೆ, ಗೋಕಾಕ ದೂರ ಇದೆ. ಅತ್ತೆಯವರು ಹೋದ ದಿನ ನೀವು, ಹುಟ್ಟಿನಿಂದ ಬಸ್ಸಿನಲ್ಲೇ ತಿರುಗಿದವರು, ಅಳುತ್ತ ಮೊದಲ ಸಲ ರೈಲಿಗೆ ಕೂತು ಹೆಸರು ನೋಡಿ ಅಲ್ಲಿ ಇಳಿದಿರಿ. ಗಾಡಿ ಸಿಗದೆ ಎರಡು ತಾಸು ನಿಂತಿರಿ, ಫೋನೂ ಸತ್ತಿತ್ತು. ಈ ಸಲ ಹಾಗಾಗುವುದು ಬೇಡ. ಘಟಪ್ರಭಾದಲ್ಲಿ ನಿಜಾಮಸಾಬ ಗಾಡಿ ತಂದು ನಿಂತಿರುತ್ತಾನೆ. ನಮ್ಮ ಓಣಿಯವನೇ, ನೀವು ಅವನನ್ನು ಎತ್ತಿ ಆಡಿಸಿದ್ದೀರಿ. "ಅಕ್ಕಾರ ಬರ್ತಾರಂದ್ರ ಸೀಟಿಗೆ ಹೊಸಾ ಕವರ್ ಹಾಕಸ್ತೀನಿ, ಆದ್ರ ಸಣ್ಣಾವ ಇದ್ದಾಗ ಅವರು ನನ್ನ ಕಿವಿ ಹಿಂಡಿದ್ದು ಮರ್ತಿಲ್ಲ ಅಂತ ಹೇಳ್ರಿ" ಎಂದ.

ಗೋಕಾಕ ಫಾಲ್ಸಿಗೆ ಗುರುವಾರ ಬೇಡ. ಹಬ್ಬದ ದಿನ ಜಾತ್ರೆಯಂಥ ಗದ್ದಲ. ಶುಕ್ರವಾರ ಮುಂಜಾನೆ ಎಂಟರೊಳಗೆ ಹೋಗಿ. ಈ ವರ್ಷ ಮಳೆ ಚೆನ್ನಾಗಿದೆ, ಹೊಳೆಯ ನೀರು ಕೆಂಪು ಮಣ್ಣು ಕಲಸಿಕೊಂಡು ಚಹಾದ ಬಣ್ಣಕ್ಕೆ ಬಂದು ಬೀಳುತ್ತಿದೆ, ಮೈಗೆಲ್ಲ ತುಂತುರು ಹಾರುತ್ತದೆ. ಮಕ್ಕಳಿಗೆ ಇನ್ನೊಂದು ಜೊತೆ ಅರಿವೆ ಇರಲಿ. ತೂಗುಸೇತುವೆಯ ಮೇಲೆ ಬಿಡುತ್ತಾರೋ ಇಲ್ಲವೋ ಅಲ್ಲಿಯ ಕಾವಲುಗಾರರನ್ನು ಕೇಳಿ, ಬೇಡ ಎಂದರೆ ವಾದ ಮಾಡಬೇಡಿ. ಬಂಡೆಯ ಅಂಚಿಗೆ ಫೋಟೋಕ್ಕೆ ಹೋಗುವ ಹುಚ್ಚು ಸುಮನಳಿಗಿದೆ, ಅವಳ ಸೆರಗು ಹಿಡಿದುಕೊಂಡೇ ಇರಿ. ಮಂಗಗಳು ಕೈಯಲ್ಲಿದ್ದ ಚೀಲ ಕಸಿಯುತ್ತವೆ. ಬಾಜೂಕ್ಕೆ ಮಹಾಲಿಂಗೇಶ್ವರನ ಹಳೆಯ ಕಲ್ಲಿನ ಗುಡಿ ಇದೆ. ಎಲ್ಲರೂ ನೀರು ನೋಡಿ ಹಾಗೇ ಹೋಗುತ್ತಾರೆ, ನೀವು ಹಾಗೆ ಮಾಡಬೇಡಿ. ಒಳಗೆ ಐದು ನಿಮಿಷ ಕೂತರೆ ಹೊರಗಿನ ಅಷ್ಟು ದೊಡ್ಡ ಸಪ್ಪಳ ಜಪದ ಹಾಗೆ ಕೇಳುತ್ತದೆ. ಗೊಡಚಿನಮಲ್ಕಿಯ ಜಲಪಾತ ಇದಕ್ಕಿಂತ ಚೆಂದ, ಆದರೆ ಅಲ್ಲಿ ಜಾರುವ ಕಲ್ಲಿನಲ್ಲಿ ನಡೆಯಬೇಕು. ನಿಮ್ಮ ಕಾಲಿಗೆ ಅದು ಬೇಡ. ಹುಡುಗರನ್ನು ಕರೆದುಕೊಂಡು ಅಪ್ಪ ಅವ್ವ ಹೋಗಿ ಬರಲಿ, ನೀವು ಗಾಡಿಯಲ್ಲಿ ಕೂತು ನಿಜಾಮಸಾಬನ ಇನ್ನೊಂದು ಕಿವಿ ಹಿಂಡಿರಿ.

ಶನಿವಾರ ಹುಕ್ಕೇರಿ. ಊರಿನಲ್ಲಿ ಹಳೆಯ ಗುಮ್ಮಟಗಳಿವೆ, ಒಳಗೆ ಬೇಸಿಗೆಯಲ್ಲೂ ತಂಪು. ಚಪ್ಪಲಿ ಹೊರಗೆ ಬಿಡಿ, ಯಾರ ದೇವರಾದರೂ ದೇವರೇ. ಅಲ್ಲಿಂದ ಹಿಡಕಲ್ ಡ್ಯಾಮು. ಗುರುತಿನ ಕಾರ್ಡು ಕೇಳಬಹುದು, ಎಲ್ಲರದೂ ಇಟ್ಟುಕೊಳ್ಳಿ. ಹಿನ್ನೀರಿನಲ್ಲಿ ಮುಳುಗಿದ ವಿಠ್ಠಲನ ಗುಡಿ ಈಗ ಕಾಣುವುದಿಲ್ಲ, ಅದು ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಹೊರಗೆ ಬರುತ್ತದೆ. ಕಾಣದಿದ್ದರೂ ಆ ಕಡೆ ಮುಖ ಮಾಡಿ ಕೈ ಮುಗಿಯಿರಿ. ಹೊತ್ತಿದ್ದರೆ ದಡ್ಡಿಯ ದೇವಿಯ ಗುಡಿಗೂ ಹೋಗಿ ತಾಯಿಗೆ ಉಡಿ ತುಂಬಿ. ಜಾತ್ರೆಯ ನೂಕುನುಗ್ಗಲಿಲ್ಲದೆ ಅವಳ ಮುಖ ಕಣ್ತುಂಬ ನೋಡುವ ಕಾಲ ಇದೇ. ಕರದಂಟು ಮೊದಲ ದಿನವೇ ಕೊಳ್ಳಬೇಡಿ, ಇರುವೆ ಹತ್ತುತ್ತವೆ, ಮೇಲಾಗಿ ಊರು ಮುಟ್ಟುವುದರೊಳಗೆ ಹುಡುಗರು ಮುಗಿಸುತ್ತಾರೆ. ಹೊರಡುವ ಮುಂಜಾನೆ ತಾಜಾ ಮಾಡಿದ್ದು ನೋಡಿ ಕೊಳ್ಳಿ. ಸಣ್ಣವಳಿಗೆ ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣು ಕೊಡಿಸಿ. ನಮ್ಮ ಮಗಳು ಪೂನಮ್ ಸಣ್ಣವಳಿದ್ದಾಗ ಅದನ್ನು ಖರೆ ಮಾವಿನಹಣ್ಣೆಂದು ಕಚ್ಚಿ ಹಲ್ಲು ಅಲುಗಾಡಿಸಿಕೊಂಡಿದ್ದಳು.

ಇನ್ನು ಊಟ. ನನಗೆ ಎಲ್ಲಕ್ಕಿಂತ ಕಠಿಣವಾದದ್ದು ಇದೇ. ಹೋಟೆಲಿನದು ನಿಮಗೆ ಆಗುವುದಿಲ್ಲ, ನಮ್ಮ ಮನೆಯ ಬುತ್ತಿ ಕಟ್ಟೋಣವೆಂದರೆ ರೊಟ್ಟಿಗೂ ನೀರು, ಪಲ್ಯಕ್ಕೂ ನೀರು. ಎರಡು ದಿನ ಅಡುಗೆಮನೆಯಲ್ಲಿ ನಿಂತು ಡಬ್ಬಿ ಡಬ್ಬಿ ನೋಡಿದೆ, ನೀರು ಸೋಕದ್ದು ಯಾವುದು ಎಂದು. ಆಗ ಅತ್ತೆಯವರ ದಶಮಿ ನೆನಪಾಯಿತು. ಪಂಢರಪುರಕ್ಕೆ ನಡೆದುಹೋಗುವಾಗ ಅವರು ಹಿಟ್ಟನ್ನು ಹಾಲಿನಲ್ಲೇ ನಾದಿ ರೊಟ್ಟಿ ಮಾಡಿ ಕಟ್ಟಿಕೊಳ್ಳುತ್ತಿದ್ದರಲ್ಲ, ಹನಿ ನೀರಿಲ್ಲದೆ, ಅದು. ನೀವು ಆಣೆ ಇಟ್ಟದ್ದು ನೀರಿಗೆ, ಹಾಲಿಗಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ತುಪ್ಪ, ಬೆಲ್ಲ. ಬಾಜೂಮನೆಯ ಇಂದ್ರವ್ವನಿಗೆ ಇದನ್ನು ಹೇಳಿದರೆ ಸೊಂಟದ ಮೇಲೆ ಕೈ ಇಟ್ಟು "ಎಮ್ಮಿ ಕುಡಿಯೂದು ನಿಮ್ಮ ಬಾವಿ ನೀರಽ ಅಲ್ಲೇನಬೇ?" ಎಂದಳು. "ಆ ಪಾಪ ಎಮ್ಮಿಗೆ ಹತ್ತಲಿ, ಅದು ಹೊತ್ಕೊಂಡು ಹೋಗ್ತೈತಿ ತಗೊ" ಎಂದೆ. ಕುಡಿಯುವ ನೀರು ಮಾತ್ರ ನಿಮ್ಮ ಊರಿನದೇ ತುಂಬಿಸಿಕೊಂಡು ಬನ್ನಿ. ತವರಿಗೆ ಬರುವ ಮಗಳಿಗೆ ನಿನ್ನ ನೀರು ನೀನೇ ತಾ ಎಂದು ಯಾರಾದರೂ ಬರೆಯುತ್ತಾರೆಯೇ?

ಬುತ್ತಿ ನಾನೇ ತರುತ್ತೇನೆ, ಫಾಲ್ಸಿನ ಗುಡಿಯ ಕಟ್ಟೆಗೆ. ನಿಮ್ಮ ತಮ್ಮನವರಿಗೆ ಇನ್ನೂ ಹೇಳಿಲ್ಲ. ಆದರೆ ಹಾಲು ಹಿಂಡುವಾಗ ಅವರೇ "ದಸರಾಕ್ಕ ಹಾಲು ಡೇರಿಗಿ ಹಾಕಬ್ಯಾಡ, ಇರ್ಲಿ" ಎಂದರು. ಸುಮನಳ ಫೋನು ಬಂದಾಗ ಅವರು ಪಡಸಾಲೆಯಲ್ಲೇ ಇದ್ದರು.

ಭಾವನವರಿಗೆ ಶರಣು, ಸುಮನಳಿಗೂ ಮಗನಿಗೂ ಆಶೀರ್ವಾದ, ಮೊಮ್ಮಕ್ಕಳ ಗಲ್ಲಕ್ಕೆ ನನ್ನ ಪರವಾಗಿ ಒಂದೊಂದು ಮುತ್ತು. ದಾರಿಯುದ್ದಕ್ಕೂ ಆ ಶಿವಬೋಧರಂಗ ನಿಮ್ಮ ಮುಂದೆ ನಡೆಯಲಿ.

ನಿಮ್ಮ ಪಾದದ ಧೂಳಿ,
ರಾಯವ್ವ

ತಾ.ಕ.: ಪೂನಮ್ ಕಾಲೇಜಿನ ಬಸ್ಸು ಬಂತೆಂದು ಕೂಗುತ್ತಿದ್ದಾಳೆ, ಮೂಡಲಗಿಯಲ್ಲಿ ಪತ್ರ ಹಾಕುವವಳು ಅವಳೇ. ಕೆಂಪಕ್ಕಾ, ಆವತ್ತು ನಿಮ್ಮ ತಮ್ಮ ಕಾಯುತ್ತೇನೆ ಎಂದೇ ಕೂತಿದ್ದರು. "ಅಕ್ಕ ಬರೂಮಟಾ ಎತ್ತಂಗಿಲ್ಲ" ಎಂದು ಅವ್ವನ ತಲೆಯ ಕಡೆ ಕೂತಿದ್ದರು. ಹೆಣ ಎತ್ತದೆ ಓಣಿಯಲ್ಲಿ ಯಾರ ಒಲೆಯೂ ಹೊತ್ತಿರಲಿಲ್ಲ, ಹುಡುಗರು ಹಸಿದು ಅಳುತ್ತಿದ್ದವು, ಹೊತ್ತು ಇಳಿಯುತ್ತಿತ್ತು. ನಿಮ್ಮ ಫೋನು ಹತ್ತಲಿಲ್ಲ. ಹತ್ತಿತು ಎಂದು ಸುಳ್ಳು ಹೇಳಿದವಳು ನಾನು. "ಅಕ್ಕಾರಿಗೆ ಇವತ್ತ ಬರಾಕ ಆಗಂಗಿಲ್ಲಂತ, ಎತ್ರಿ" ಎಂದೆ. ನೀವು ಬಂದು ನಿಂತಾಗ ಅವರು ಒಮ್ಮೆ ನನ್ನ ಮುಖ ನೋಡಿದರು, ಅಷ್ಟೇ. ಹದಿನಾಲ್ಕು ವರ್ಷ ನಿಮ್ಮ ಸಿಟ್ಟನ್ನು ಅವರೇ ಉಂಡರು, ನನ್ನ ಹೆಸರು ಬಾಯಿಬಿಡಲಿಲ್ಲ. ಅವರು ಮಾಡದ ತಪ್ಪಿಗೆ ನೀವು ಇಟ್ಟ ಆಣೆಯನ್ನು ದೇವರು ಲೆಕ್ಕಕ್ಕೆ ಹಿಡಿಯಲಾರ ಎಂದು ನನ್ನ ನಂಬಿಕೆ. ಫಾಲ್ಸಿಗೆ ಅವರನ್ನೂ ಕರೆತರುತ್ತೇನೆ. ನನ್ನ ಕೈಯ ನೀರು ಬೇಡ ಅನ್ನಿ, ಒಪ್ಪುತ್ತೇನೆ. ಅವರ ಕೈಯದು ಬೇಡ ಅನ್ನಬೇಡಿ.