ಲಿಸ್ಟ್ ಓದಿದವ ನಾನೇ

೩ ಏಪ್ರಿಲ್ ೧೯೭೯, ಮಧ್ಯಾಹ್ನ
ವಾಡಿ, ಶಹಾಬಾದ್, ಮತ್ತ ಚಿತ್ತಾಪುರ. ಜೀಪಿನ್ಯಾಗ ದಿನಾ ಇದೇ ತಿರುಗಾಟ. ಗಂಟಲ ಹರದದ. ಹದಿನಾಲ್ಕು ವರ್ಷ ಆತು ಪಾರ್ಟಿ ಮೈಕ್ ಹಿಡದು. ಊರಾಗ ಗೌಡರ ಮನಿ ಮುಂದ ಜೀಪ್ ನಿಂತ್ರ ಎಲ್ಲಾರೂ ಒಳಗ ಚಾಕ್ಕ ಹೋಗ್ತಾರ. ನಾ ಮೈಕ್ ಕಾಯ್ತೀನಿ. ಯಾರೂ ಹೇಳಿದ್ದಲ್ಲ, ರೂಢಿ.
ಈ ಸಲ ತಾಲೂಕಾ ಸೆಕ್ರೆಟರಿ ನೀನೇ ಅಂತ ಅಧ್ಯಕ್ಷ ಹಣಮಂತರಾಯರು ಮಾತು ಕೊಟ್ಟಾರ. ಹದಿನಾರಕ್ಕ ಪದಾಧಿಕಾರಿಗಳ ಲಿಸ್ಟ್.

೭ ಏಪ್ರಿಲ್
ಅವ್ವ ಕೆಲಸದಿಂದ ಭಾಳ ಸಿಟ್ಟಿನ್ಯಾಗ ಬಂದಳು. ರಾಯರ ಫರಸಿ ಕಲ್ಲಿನ ಗಣಿಯಾಗ ನಮ್ಮ ಹೆಣ್ಮಕ್ಕಳು ನೀರಿನ ಕೊಡಾ ಮುಟ್ಟಂಗಿಲ್ಲ. ಬೊಗಸಿ ಒಡ್ಡಬೇಕು, ಮ್ಯಾಲಿಂದ ಹುಯ್ತಾರ. ಹುಯ್ಯೋರು ಇಲ್ಲಂದ್ರ ಈ ಬಿಸಲಾಗ ಒಣಗಬೇಕು. ನಾಳಿಂದ ಕೆಲಸ ಬಂದ್ ಅಂದಳು.
"ಹತ್ತು ದಿನ ತಡಿಯವ್ವಾ. ಸೆಕ್ರೆಟರಿ ಆಗ್ಲಿಕತ್ತೀನಿ. ಎಲ್ಲಾರಿಗೂ ಒಂದೇ ಕೊಡಾ ಮಾಡಿಸ್ತೀನಿ."
ನಂಬಿದಳು. ಉಳಿದವರನ್ನೂ ಆಕಿನೇ ತಡದಳು.

೧೬ ಏಪ್ರಿಲ್
ಸಭಾ. ರಾಯರು ಲಿಸ್ಟ್ ಕೈಗೆ ಕೊಟ್ಟರು. "ಓದಪಾ, ನಿನ್ನ ದನಿ ಚಲೋ ಅದ."
ಸೆಕ್ರೆಟರಿ — ಪೀರಪ್ಪ. ರಾಯರ ಅಳಿಯ! ಮೊನ್ನೆ ದೀಪಾವಳಿಗಿ ಪಾರ್ಟಿಗಿ ಬಂದವ. ಓದಿಕೋತ ಹೋದೆ, ಒಂದು ತಪ್ಪಿಲ್ಲ. ಕಡೀಕ... ಹರಿಜನ ಸೆಲ್ ಅಧ್ಯಕ್ಷ, ಭಗವಂತ. ನನ್ನ ಹೆಸರು ನಾನೇ ಕೂಗಿದೆ. ಚಪ್ಪಾಳಿ ಬಿದ್ದವು. ಕೈ ಮುಗದೆ. ಥೂ ನನ್ನ ಜನ್ಮಕ್ಕ.
ಹಾಜಿಸಾಬ ಹನ್ನೊಂದು ವರ್ಷದಿಂದ ಅಲ್ಪಸಂಖ್ಯಾತರ ಸೆಲ್‌ನಾಗೇ ಕುಂತಾನ. ಹೆಗಲಿಗಿ ಕೈ ಹಾಕಿದ. "ಬಾ ಭಾಯಿ, ಬಾಜೂ ಕುರ್ಚಿ ಖಾಲಿ ಇತ್ತು." ಇಬ್ಬರೂ ನಕ್ಕಿವಿ. ನಗು ಬರಲಿಲ್ಲ.

೨೫ ಏಪ್ರಿಲ್
ನಮ್ಮ ಮಂದಿ ಕೆಲಸ ಬಿಟ್ಟು ಗಣಿ ಬಂದ್ ಆಗಿ ನಾಲ್ಕು ದಿನ. ಅವ್ವ ನನ್ನ ಕೇಳಲಿಲ್ಲ.
ರಾಯರು ಕರಿಸಿದರು. "ನಿಮ್ಮ ಮಂದಿಗಿ ನೀನೇ ಹೇಳು, ಕೆಲಸಕ್ಕ ಬರ್ರಿ ಅಂತ. ಸೆಲ್ ಮತ್ಯಾಕ ಮಾಡೀವಿ?"
ನೀರಿನ ಕೊಡದ ಮಾತು ತಗದೆ. "ಆಮ್ಯಾಲ ನೋಡೋಣು" ಅಂದರು. ನಾ ಎದ್ದು ಬರೋದ್ರಾಗ ಮತ್ತ ಅಂದರು, "ಮುಂದಿನ ಸಲ ಸೆಕ್ರೆಟರಿ ನೀನೇ."
ಉಗಳಿ ಬರಬೇಕಿತ್ತು. ಬಂದು ಮೈಕಿನ ಬ್ಯಾಟರಿ ಚೆಕ್ ಮಾಡಿದೆ.

೨೬ ಏಪ್ರಿಲ್, ಹನ್ನೊಂದು ಗಂಟೆ
ಹೋಗಿ ಬಂದೆ.
ಗಣಿ ಬಾಯಿಗಿ ಜೀಪ್ ನಿಲ್ಲಿಸಿದೆ. "ಬಂಧುಗಳೇ" ಅಂದೆ. ಗುಂಪಿನ್ಯಾಗಿಂದ ಅವ್ವ ಎದ್ದು ಮುಂದ ಬಂದಳು.
"ಯಾರ ಕಡಿಂದ ಬಂದೀಪಾ?"
ಮಗ ಅಂತ ಅನಲಿಲ್ಲ. ನಿಮ್ಮ ಕಡಿಂದ ಅನಬೇಕಿತ್ತು ನಾ. ರಾಯರ ಕಡಿಂದ ಅಂದೆ. ಮೈಕ್ ಚಾಲೂ ಇತ್ತು, ಎಲ್ಲಾರಿಗೂ ಕೇಳಿಸ್ತು.
ಆಕಿ ಬಗ್ಗಿ ನನ್ನ ಮುಂದ ಬೊಗಸಿ ಒಡ್ಡಿದಳು.
"ಹುಯ್ಯಿ ಹಂಗಾದ್ರ."
ನಾ ಮೈಕ್ ಕೆಳಗಿಟ್ಟು ಆಕಿ ಬಾಜೂ ನಿಂತೆ, ನಾನೂ ಬೊಗಸಿ ಒಡ್ಡಿದೆ.