ದುರುಗವ್ವ ಸುಟ್ಟ ಎಲೆಗಳು

ಅತ್ತಿಗೆ,

ಕೋಸಿನ ಎಲೆಯ ರಸ ಹೀರುವ ಹೇನಿನೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಕಣಜದ ಹುಳು ಕೊಡುತ್ತೇವೆ ಎಂದರು ಕೃಷಿ ಕಚೇರಿಯವರು, ಕೊಡಲಿಲ್ಲ. ಅದನ್ನು ಬಳಸುವುದು ಕಲಿಸಲು ಬರುತ್ತೇವೆ ಎಂದರು, ಬರಲಿಲ್ಲ. ಕಚೇರಿ ಕಳಿಸದ ಕಣಜ, ನಾನು ರೈತರಿಗೆ ಸಲಹೆ ಕೊಡುವ ಈ ಕೊಕ್ಕನೂರಿಗೆ ತಾನೇ ಬಂದಿದೆ. ಊದಿ ಕಂದುಬಣ್ಣಕ್ಕೆ ತಿರುಗಿದ ಹೇನಿನ ಬೆನ್ನು ಕೊರೆದು, ಇರುವೆಗಿಂತ ಸಣ್ಣ ಕಣಜವೊಂದು ನನ್ನ ಕಣ್ಣೆದುರೇ ಹೊರಬಂತು. ಅಂಥ ಹೇನಿರುವ ಎಲೆಗಳಿಗೆ ರೋಗ ಬಂದಿದೆಯೆಂದು ಹೊಲದೊಡತಿ ದುರುಗವ್ವ ಮೂರು ವಾರದಿಂದ ಕಿತ್ತು ಸುಡುತ್ತಿದ್ದಳು. ಹುಳು ತೋರಿಸಿದಾಗ "ಕಾಯಾಕ್ ಬಂದೋರ್ನೇ ಸುಟ್ನಲ್ಲವ್ವಾ!" ಎಂದು ಬದುವಿನ ಮೇಲೆ ಕುಸಿದಳು.

ಅವಳ ಗಂಡ ಅಂಜಿನಪ್ಪ ಮಾತ್ರ ಬೆನ್ನಿನ ವಿಷದ ಪಂಪು ಇಳಿಸಲಿಲ್ಲ. "ನಿಮ್ ನೊಣ ನಂಬಿ ಕೋಸು ಕಳ್ಕಂಡ್ರೆ ನೀವ್ ಕೊಡ್ತೀರೇನ್ರಿ?" ಎಂದ. ವಿಷ ಹೊಡೆದರೆ ಉಳಿದ ಕಣಜವೂ ಸಾಯುತ್ತದೆ, ಊರವರು ಕೂತು ನಿರ್ಧರಿಸುವವರೆಗೆ ತಡೆಯಿರಿ ಎಂದೆ. ಒಪ್ಪಿದ.

ನನ್ನ ಕೆಮ್ಮು ಇಳಿದಿದೆ. ಭಾನುವಾರ ಮನೆಗೆ ಬರಲಾರೆ. ಸಭೆ ಸೋಮವಾರ ಬೆಳಿಗ್ಗೆ ಏಳಕ್ಕೆ, ಅವರ ಹೊಲದಲ್ಲೇ.